ಪ್ರೊಸೆಸರ್ ಬದಲಾಯಿಸುವಾಗ ಪೇಸ್ಟ್ ಎಷ್ಟು ಹಾಕ್ಬೇಕು?

ಇವತ್ತು ಹಳೇ ಡೆಸ್ಕ್‌ಟಾಪಿಗೆ ಹೊಸ ಪ್ರೊಸೆಸರ್ ಹಾಕೋಣ. ಉದಾಹರಣೆಗೆ ಎಎಂಡಿಯ ಎಎಂ4 ಸಾಕೆಟ್ ತಗೊಳ್ತೀನಿ. 2017ರ ರೈಜನ್ 5 1600 ಇರೋ ಬೋರ್ಡಿಗೆ, ತಯಾರಕರು ಬಯೋಸ್ ಅಪ್‌ಡೇಟ್ ಕೊಟ್ಟಿದ್ರೆ, 2022ರ ರೈಜನ್ 7 5800ಎಕ್ಸ್3ಡಿ ಕೂರಿಸಬಹುದು. ಆ ಅಪ್‌ಡೇಟನ್ನ ಹಳೇ ಪ್ರೊಸೆಸರ್ ಇರುವಾಗಲೇ ಮಾಡಿ. ಇಲ್ಲಾಂದ್ರೆ ಹೊಸದರ ಗುರುತು ಸಿಗದೆ ಪರದೆ ಕಪ್ಪಾಗೇ ಇರುತ್ತೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಇದ್ಯಾ? ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಬದಲಾದ್ರೆ ಅದನ್ನ ಕೇಳಬಹುದು. ಕೀ ಇಲ್ಲದಿದ್ರೆ ಊರಿಂದ ತಂದ ಫೋಟೋಗಳೂ ಒಳಗೇ ಉಳಿಯುತ್ತವೆ.

ಈಗ ಪೇಸ್ಟ್ ಯಾಕೆ ಬೇಕು ಅಂತ ನೋಡೋಣ. ಪ್ರೊಸೆಸರಿನ ಲೋಹದ ಮುಚ್ಚಳ, ಕೂಲರಿನ ತಳ, ಎರಡೂ ಕಣ್ಣಿಗೆ ನುಣುಪು. ಆದ್ರೆ ಸೂಕ್ಷ್ಮವಾಗಿ ನೋಡಿದ್ರೆ ಗುಡ್ಡ-ಹಳ್ಳ. ಹಳ್ಳಗಳಲ್ಲಿ ಗಾಳಿ ಕೂತಿರುತ್ತೆ. ಉಷ್ಣವಾಹಕತೆ ತಾಮ್ರಕ್ಕೆ ಸುಮಾರು 400 ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್. ಗಾಳಿಗೆ ಬರೀ 0.026. ಪೇಸ್ಟಿಗೆ 5 ಅಂತ ಇಟ್ಕೊಳ್ಳಿ. 4 ಸೆಂಟಿಮೀಟರ್ ಚೌಕದ ಮುಚ್ಚಳದ ಮೂಲಕ 100 ವ್ಯಾಟ್ ಶಾಖ ಹರೀತಿದೆ, ಮಧ್ಯದ ಸಂದು 0.02 ಮಿಲಿಮೀಟರ್ ಅನ್ನೋಣ. ಅಲ್ಲಿ ಪೂರ್ತಿ ಗಾಳಿಯೇ ಇದ್ದಿದ್ರೆ ಆ ಸಂದೊಂದರಲ್ಲೇ ಸುಮಾರು 48 ಡಿಗ್ರಿ ವ್ಯತ್ಯಾಸ. ಪೇಸ್ಟ್ ಇದ್ರೆ ಕಾಲು ಡಿಗ್ರಿ! ಅದೇ ಪೇಸ್ಟ್ ಅರ್ಧ ಮಿಲಿಮೀಟರ್ ದಪ್ಪಗೆ ಉಳಿದ್ರೆ 6 ಡಿಗ್ರಿ ದಾಟುತ್ತೆ. ನಿಜವಾಗಿ ಲೋಹ ಅಲ್ಲಲ್ಲಿ ತಾಗಿರುತ್ತೆ, ಹಾಗಾಗಿ ಇದು ಅಂದಾಜು ಲೆಕ್ಕ. ಆದ್ರೂ ವಿಷಯ ಗೊತ್ತಾಗುತ್ತೆ: ವೀಳ್ಯದೆಲೆಗೆ ಸುಣ್ಣ ಸವರಿದಷ್ಟೇ ಸಾಕು.

ಕೂಲರ್ ಬಿಚ್ಚೋದೇ ಎಎಂ4ನಲ್ಲಿ ಅಪಾಯದ ಹೆಜ್ಜೆ. ಇದರಲ್ಲಿ 1331 ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇವೆ. ಹಳೇ ಪೇಸ್ಟ್ ಒಣಗಿ ಅಂಟಿದ್ರೆ, ಕೂಲರನ್ನ ನೇರ ಮೇಲಕ್ಕೆ ಎಳೆದಾಗ ಲಿವರ್ ಹಾಕಿದ್ರೂ ಪ್ರೊಸೆಸರ್ ಜೊತೆಗೇ ಕಿತ್ತು ಬರಬಹುದು, ಪಿನ್ ಬಾಗಬಹುದು. ಅದಕ್ಕೇ ಮೊದಲು ಹತ್ತು ನಿಮಿಷ ಒಂದು ಗೇಮ್ ಓಡಿಸಿ, ಪೇಸ್ಟ್ ಮೆತ್ತಗಾಗುತ್ತೆ. ಆಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಸ್ಥಿರವಿದ್ಯುತ್ ಹೋಗಲಿ ಅಂತ ಕೇಸಿನ ಲೋಹ ಮುಟ್ಟಿ. ಸ್ಕ್ರೂ ಬಿಚ್ಚಿ, ಡಬ್ಬಿ ಮುಚ್ಚಳ ತಿರುಗಿಸೋ ಹಾಗೆ ಕೂಲರನ್ನ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ, ಬಿಟ್ಟುಕೊಂಡ ಮೇಲೆ ಎತ್ತಿ. ಇಂಟೆಲ್‌ನ ಎಲ್‌ಜಿಎ ಸಾಕೆಟ್‌ನಲ್ಲಿ ಪಿನ್ ಬೋರ್ಡಿನಲ್ಲಿರುತ್ತೆ, ಪ್ರೊಸೆಸರನ್ನ ಚೌಕಟ್ಟು ಒತ್ತಿ ಹಿಡಿದಿರುತ್ತೆ. ಅಲ್ಲಿ ಈ ಭಯ ಕಮ್ಮಿ, ಆದ್ರೆ ಸಾಕೆಟ್ ಒಳಗೆ ಬೆರಳು ತಾಗಬಾರದು.

ಹೊಸದನ್ನ ಚಿನ್ನದ ಬಣ್ಣದ ತ್ರಿಕೋನ ನೋಡಿ ಇಡಿ. ತಾನಾಗೇ ಕೂರಬೇಕು, ಒತ್ತಲೇಬೇಡಿ. ಲಿವರ್ ಹಾಕಿ. ಕೂಲರಿನ ತಳವನ್ನ ಐಸೋಪ್ರೊಪೈಲ್ ಆಲ್ಕೋಹಾಲಿಂದ ಒರೆಸಿ, ಮುಚ್ಚಳದ ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್ ಹಾಕಿ. ಸ್ಕ್ರೂಗಳನ್ನ ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಒತ್ತಡವೇ ಪೇಸ್ಟನ್ನ ಹರಡುತ್ತೆ. ಲಿಕ್ವಿಡ್ ಮೆಟಲ್ ಮೊದಲ ಸಲಕ್ಕೆ ಬೇಡವೇ ಬೇಡ. ಅದರಲ್ಲಿರೋ ಗ್ಯಾಲಿಯಂ ಅಲ್ಯೂಮಿನಿಯಂ ತಿನ್ನುತ್ತೆ, ಮೇಲಾಗಿ ಅದು ವಿದ್ಯುತ್ ವಾಹಕ.

ಇನ್ನೊಂದು ಖರ್ಚು: 1600 ಪ್ರೊಸೆಸರಿನದು 65 ವ್ಯಾಟ್, ಈ ಹೊಸದರದು 105, ಅದರ ಡಬ್ಬಿಯಲ್ಲಿ ಕೂಲರ್ ಬರೋದಿಲ್ಲ. ದೊಡ್ಡ ಕೂಲರಿಗೂ ದುಡ್ಡು ಎತ್ತಿಡಿ.

ಫ್ಯಾನ್ ವೈರ್ ಸಿಕ್ಕಿಸಿ ಆನ್ ಮಾಡಿದ ಮೇಲೆ ಬಯೋಸ್‌ನಲ್ಲಿ ಉಷ್ಣತೆ ನೋಡಿ. ಇದರ ಮಿತಿ 90 ಡಿಗ್ರಿ. ಕೆಲಸವೇ ಇಲ್ಲದೆ ಕೆಲವೇ ಸೆಕೆಂಡಲ್ಲಿ ಅಲ್ಲಿಗೆ ಏರ್ತಿದ್ರೆ ಆಫ್ ಮಾಡಿ, ಹೊಸ ಕೂಲರಿನ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಹಾಗೇ ಉಳಿದಿದೆಯಾ ನೋಡಿ.