ದನಿಯನ್ನು ಅಚ್ಚಿಗೆ ಹಾಕುವ ವಿದ್ಯೆ: ವಿನೈಲ್ ರೆಕಾರ್ಡ್ ತಯಾರಾಗುವ ಬಗೆ



ಮುಖ್ಯವಾದ ಲಕೋಟೆಗಳಿಗೂ ಕಟ್ಟುಗಳಿಗೂ ಅರಗಿನ ಮೊಹರು ಹಾಕುವುದನ್ನು ನೀವು ಬಲ್ಲಿರಿ. ಕಾಯಿಸಿದ ಅರಗು ಮೆತ್ತಗಾಗುತ್ತದೆ. ಅದರ ಮೇಲೆ ಹಿತ್ತಾಳೆಯ ಮುದ್ರೆ ಒತ್ತಿದರೆ ಅಕ್ಷರ ಮೂಡುತ್ತದೆ. ಆರಿದ ಮೇಲೆ ಆ ಅಕ್ಷರ ಹಾಗೆಯೇ ಉಳಿಯುತ್ತದೆ. ಮುದ್ರೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ, ಅರಗಿನಲ್ಲಿ ನೇರವಾಗಿರುತ್ತದೆ. ಗ್ರಾಮಫೋನ್ ರೆಕಾರ್ಡ್ ತಯಾರಿಕೆಯ ಮೂಲತತ್ವವೂ ಇದೇ. ಅಲ್ಲಿ ಒತ್ತುವುದು ಅಕ್ಷರವನ್ನಲ್ಲ, ದನಿಯನ್ನು. ನೀವು ತರಗತಿಯಲ್ಲಿ ಓದುವ ಅಲೆಗಳು, ವಿದ್ಯುದ್ವಿಭಜನೆ, ಪ್ಲಾಸ್ಟಿಕ್‌ಗಳ ಗುಣ, ಸ್ಥಿರ ವೆಚ್ಚ ಈ ನಾಲ್ಕೂ ಪಾಠಗಳು ಒಂದೇ ತಟ್ಟೆಯಲ್ಲಿ ಹೇಗೆ ಸೇರುತ್ತವೆ ಎಂದು ಈ ಲೇಖನದಲ್ಲಿ ನೋಡೋಣ.

ಅರಗಿನಿಂದ ವಿನೈಲ್‌ವರೆಗೆ

ವಿನೈಲ್‌ಗಿಂತ ಹಿಂದಿನ ಕಾಲದ ರೆಕಾರ್ಡುಗಳು ಹೆಚ್ಚಾಗಿ ಅರಗಿನವೇ ಆಗಿದ್ದವು. ಮರದ ರೆಂಬೆಗಳ ಮೇಲೆ ಅರಗಿನ ಹುಳುಗಳು ಸ್ರವಿಸುವ ಅಂಟನ್ನು ಶುದ್ಧೀಕರಿಸಿ, ಕಲ್ಲಿನ ಪುಡಿ, ಕಾಡಿಗೆ ಮತ್ತು ಹತ್ತಿಯ ಎಳೆ ಬೆರೆಸಿ ತಟ್ಟೆ ಒತ್ತುತ್ತಿದ್ದರು. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಭಾರತದಿಂದ ಹೋಗುತ್ತಿತ್ತು.

1902ರ ನವೆಂಬರ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಆಗ ಭಾರತದಲ್ಲಿ ರೆಕಾರ್ಡ್ ಒತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ಮೂಲ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ರೆಕಾರ್ಡುಗಳಾಗಿ ಮರಳಿ ಬರುತ್ತಿದ್ದವು. ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದು ಇಂದಿಗೂ ಕೇಳಿಸುತ್ತದೆ. ಭಾಷೆ ತಿಳಿಯದ ಅಲ್ಲಿನ ಕೆಲಸಗಾರರು ಸರಿಯಾದ ತಟ್ಟೆಗೆ ಸರಿಯಾದ ಚೀಟಿ ಅಂಟಿಸಲಿ ಎಂಬುದು ಅದರ ಉದ್ದೇಶ. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆರಂಭವಾದದ್ದು 1908ರಲ್ಲಿ. ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ದನಿ ಮಾತ್ರ ತಟ್ಟೆಯಲ್ಲಿ ಉಳಿಯಿತು.

ಅರಗಿನ ತಟ್ಟೆ ಕೈತಪ್ಪಿ ಬಿದ್ದರೆ ಚೂರಾಗುತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುವ ವಿನೈಲ್ ರೆಕಾರ್ಡನ್ನು ತಂದಿತು. ಇದರ ಗೀರುಗಳು ಸಣ್ಣವು. ಹೀಗಾಗಿ ಒಂದು ಮಗ್ಗುಲಲ್ಲಿ 20 ನಿಮಿಷಕ್ಕೂ ಮಿಕ್ಕಿ ಹಾಡು ಹಿಡಿಯಿತು. ಎಲ್‌ಪಿ ಎಂದು ನಾವು ಕರೆಯುವುದು ಇದನ್ನೇ.

ಮೊದಲ ಹಂತ: ಗೀರು ಕೊರೆಯುವುದು

ರೆಕಾರ್ಡಿನ ಮೇಲೆ ಕಾಣುವ ನೂರಾರು ಸುತ್ತುಗಳು ನಿಜಕ್ಕೂ ಒಂದೇ ಗೀರು. ಹೊರ ಅಂಚಿನಿಂದ ಒಳಗಿನವರೆಗೆ ಅದು ಸುರುಳಿಯಾಗಿ ಸಾಗುತ್ತದೆ. ಆ ಗೀರನ್ನು ಮೊದಲು ಕೊರೆಯುವುದು ಲ್ಯಾಕರ್ ತಟ್ಟೆಯ ಮೇಲೆ. ಕನ್ನಡಿಯಂತೆ ನುಣುಪಾದ ಅಲ್ಯೂಮಿನಿಯಂ ತಟ್ಟೆಗೆ ನೈಟ್ರೋಸೆಲ್ಯುಲೋಸ್ ಲೇಪಿಸಿ ಇದನ್ನು ತಯಾರಿಸುತ್ತಾರೆ. 12 ಇಂಚಿನ ರೆಕಾರ್ಡಿಗೆ 14 ಇಂಚಿನ ತಟ್ಟೆ ಬೇಕು. ಕೈಯಲ್ಲಿ ಹಿಡಿಯಲು ಅಂಚಿನಲ್ಲಿ ಜಾಗ ಬೇಕಲ್ಲ, ಅದಕ್ಕೆ.

ತಟ್ಟೆ ತಿರುಗುತ್ತಿರುವಾಗ, ಬಿಸಿ ಮಾಡಿದ ನೀಲಮಣಿ ಅಥವಾ ಕೆಂಪುಮಣಿಯ ಮೊನೆ ಅದನ್ನು ಕೊರೆಯುತ್ತದೆ. ಹಾಡಿನ ವಿದ್ಯುತ್ ಸಂಕೇತಕ್ಕೆ ತಕ್ಕಂತೆ ಮೊನೆ ಅಲುಗುತ್ತದೆ. ಏಳುವ ಕೂದಲೆಳೆಯಂಥ ಚೂರನ್ನು ಒಂದು ನಳಿಕೆ ಕೂಡಲೇ ಹೀರಿಕೊಳ್ಳುತ್ತದೆ. ಗೀರಿನ ಆಕಾರ ಇಂಗ್ಲಿಷಿನ ‘ವಿ’ ಅಕ್ಷರದಂತೆ. ಸ್ಟೀರಿಯೊ ರೆಕಾರ್ಡಿನಲ್ಲಿ ಒಂದು ಗೋಡೆ ಎಡಗಿವಿಯ ದನಿಯನ್ನೂ ಇನ್ನೊಂದು ಗೋಡೆ ಬಲಗಿವಿಯ ದನಿಯನ್ನೂ ಹೊರುತ್ತದೆ. ಈ ಉಪಾಯವನ್ನು 1931ರಲ್ಲಿಯೇ ಪೇಟೆಂಟ್ ಅರ್ಜಿಯಲ್ಲಿ ವಿವರಿಸಿದವರು ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್.

ಇಲ್ಲಿ ಒಂದು ತೊಡಕಿದೆ. ತಗ್ಗು ಸ್ವರಗಳು ಮೊನೆಯನ್ನು ಬಹಳ ಅಗಲಕ್ಕೆ ಓಲಾಡಿಸುತ್ತವೆ. ಹಾಗೆಯೇ ಬಿಟ್ಟರೆ ಒಂದು ಗೀರು ಪಕ್ಕದ ಗೀರಿಗೆ ನುಗ್ಗುತ್ತದೆ. ಅದಕ್ಕಾಗಿ ಕೊರೆಯುವಾಗ ತಗ್ಗು ಸ್ವರಗಳನ್ನು ತಗ್ಗಿಸಿ, ಎತ್ತರದ ಸ್ವರಗಳನ್ನು ಹೆಚ್ಚಿಸುತ್ತಾರೆ. ಕೇಳುವಾಗ ಆಂಪ್ಲಿಫೈಯರ್ ಇದನ್ನು ಹಿಂದುಮುಂದಾಗಿಸಿ ಮೊದಲಿನ ಸಮತೋಲ ತರುತ್ತದೆ. ಎತ್ತರದ ಸ್ವರಗಳನ್ನು ಮರಳಿ ತಗ್ಗಿಸುವಾಗ ಮುಳ್ಳಿನ ಸರಸರ ಸದ್ದೂ ತಗ್ಗುವುದು ಇನ್ನೊಂದು ಲಾಭ. 1954ರಿಂದ ಈ ಲೆಕ್ಕಕ್ಕೆ ಒಂದೇ ಅಳತೆ ಬಳಕೆಗೆ ಬಂತು.

ಒಂದು ಲೆಕ್ಕ ಮಾಡೋಣ. ಒಂದು ಮಗ್ಗುಲು 22 ನಿಮಿಷ ಎಂದಿಟ್ಟುಕೊಳ್ಳಿ. ಒಟ್ಟು ಸುಮಾರು 733 ಸುತ್ತುಗಳಾದವು. ಹೊರಗಿನ ತ್ರಿಜ್ಯ 14.6 ಸೆಂ.ಮೀ., ಒಳಗಿನದು 6 ಸೆಂ.ಮೀ. ಎಂದರೆ ಸರಾಸರಿ 10.3 ಸೆಂ.ಮೀ. ಆ ಲೆಕ್ಕದಲ್ಲಿ ಒಂದು ಸುತ್ತಿನ ಸರಾಸರಿ ಉದ್ದ ಸುಮಾರು 64.7 ಸೆಂ.ಮೀ. ಗುಣಿಸಿದರೆ ಗೀರಿನ ಒಟ್ಟು ಉದ್ದ ಸುಮಾರು 474 ಮೀಟರ್. ಮುಳ್ಳು ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ನಡೆದ ಹಾಗಾಯಿತು. 8.6 ಸೆಂ.ಮೀ. ಅಗಲದಲ್ಲಿ 733 ಸುತ್ತು ಹಿಡಿಸಬೇಕಾದರೆ ಒಂದೊಂದಕ್ಕೆ ಸಿಗುವ ಜಾಗ 0.12 ಮಿಲಿಮೀಟರಿಗೂ ಕಡಿಮೆ.

ಎರಡನೇ ಹಂತ: ಬೆಳ್ಳಿಯ ಲೇಪ, ನಿಕಲ್ ಅಚ್ಚು

ಲ್ಯಾಕರ್ ಬಲು ಮೃದು. ಅದನ್ನೇ ಇಟ್ಟು ಪ್ಲಾಸ್ಟಿಕ್ ಒತ್ತಲಾಗದು, ಲೋಹದ ಅಚ್ಚು ಬೇಕು. ಆದರೆ ಲ್ಯಾಕರ್ ವಿದ್ಯುದ್ವಾಹಕವಲ್ಲ, ಅದರ ಮೇಲೆ ನೇರವಾಗಿ ಎಲೆಕ್ಟ್ರೋಪ್ಲೇಟಿಂಗ್ ಆಗದು. ಆದ್ದರಿಂದ ತಟ್ಟೆಯನ್ನು ತೊಳೆದು, ತವರದ ಕ್ಲೋರೈಡ್ ದ್ರಾವಣದಿಂದ ಹದ ಮಾಡಿ, ಬೆಳ್ಳಿಯ ನೈಟ್ರೇಟ್ ಮತ್ತು ಅಪಕರ್ಷಣಕಾರಿಯನ್ನು ಸಿಂಪಡಿಸುತ್ತಾರೆ. ಕ್ಷಣಗಳಲ್ಲಿ ತಟ್ಟೆ ಬೆಳ್ಳಿಯ ಕನ್ನಡಿಯಾಗುತ್ತದೆ. ಪ್ರಯೋಗಾಲಯದಲ್ಲಿ ಆಲ್ಡಿಹೈಡ್ ಗುರುತಿಸಲು ನೀವು ಮಾಡುವ ಟಾಲೆನ್ಸ್ ಪರೀಕ್ಷೆಯಲ್ಲಿ ಪ್ರನಾಳದ ಒಳಗೋಡೆಗೆ ಬೆಳ್ಳಿ ಹತ್ತುವುದೂ ಇದೇ ತತ್ವದಿಂದ.

ಬಳಿಕ ಈ ತಟ್ಟೆಯನ್ನು ಕ್ಯಾಥೋಡ್ ಆಗಿ ನಿಕಲ್ ಲವಣದ ದ್ರಾವಣದಲ್ಲಿ ಇಳಿಸುತ್ತಾರೆ. ಆನೋಡ್ ನಿಕಲ್ ಲೋಹ. ವಿದ್ಯುತ್ ಹರಿದಂತೆ ತಟ್ಟೆಯ ಮೇಲೆ ನಿಕಲ್ ಪದರ ಬೆಳೆಯುತ್ತದೆ. ಸಾಕಷ್ಟು ದಪ್ಪವಾದಾಗ ಅದನ್ನು ಲ್ಯಾಕರ್‌ನಿಂದ ಬಿಡಿಸುತ್ತಾರೆ. ಇದಕ್ಕೆ ‘ತಂದೆ’ ಎಂದು ಹೆಸರು. ಲ್ಯಾಕರಿನಲ್ಲಿ ಗೀರು ಇದ್ದಲ್ಲೆಲ್ಲ ತಂದೆಯಲ್ಲಿ ಏಣು ಇರುತ್ತದೆ. ತಂದೆಯ ಮೇಲೆ ಮತ್ತೆ ನಿಕಲ್ ಬೆಳೆಸಿ ಬಿಡಿಸಿದರೆ ಬರುವುದು ‘ತಾಯಿ’. ಇದರಲ್ಲಿ ಮತ್ತೆ ಗೀರು, ಇದನ್ನು ನುಡಿಸಿ ಕೇಳಿ ಪರೀಕ್ಷಿಸಬಹುದು. ತಾಯಿಯಿಂದ ಬೆಳೆಸಿದ್ದು ‘ಸ್ಟ್ಯಾಂಪರ್’, ಅಂದರೆ ಯಂತ್ರದಲ್ಲಿ ಕೂರುವ ಅಚ್ಚು. ನಿಕಲ್‌ಗೆ ನಿಕಲ್ ಅಂಟಿಕೊಂಡುಬಿಡದಂತೆ ಪ್ರತಿ ಸಲವೂ ನಡುವೆ ಅತಿ ತೆಳುವಾದ ರಾಸಾಯನಿಕ ಪೊರೆ ಮೂಡಿಸುತ್ತಾರೆ.

ಫ್ಯಾರಡೆ ನಿಯಮದಿಂದ ಇದರ ಸಮಯ ಲೆಕ್ಕ ಹಾಕಬಹುದು. 35 ಸೆಂ.ಮೀ. ವ್ಯಾಸದ ತಟ್ಟೆಯ ಮೇಲೆ 0.2 ಮಿ.ಮೀ. ದಪ್ಪ ನಿಕಲ್ ಬೇಕು ಎನ್ನೋಣ. ಗಾತ್ರ ಸುಮಾರು 19.2 ಘನ ಸೆಂ.ಮೀ.; ನಿಕಲ್ ಸಾಂದ್ರತೆ 8.9 ಎಂದರೆ ರಾಶಿ ಸುಮಾರು 171 ಗ್ರಾಂ, ಅಂದರೆ 2.91 ಮೋಲ್. ಪ್ರತಿ ನಿಕಲ್ ಅಯಾನಿಗೆ ಎರಡು ಎಲೆಕ್ಟ್ರಾನ್ ಬೇಕಾದ್ದರಿಂದ ಒಟ್ಟು ಆವೇಶ ಸುಮಾರು 5,62,000 ಕೂಲಂಬ್. 100 ಆಂಪಿಯರ್ ವಿದ್ಯುತ್ ಹರಿಸಿದರೆ ಹಿಡಿಯುವ ಸಮಯ ಒಂದೂವರೆ ಗಂಟೆಗಿಂತ ತುಸು ಹೆಚ್ಚು. ಪುಸ್ತಕದ ಲೆಕ್ಕವೇ ಇಲ್ಲಿ ಕೆಲಸಗಾರನ ದಿನಚರಿಯಾಗುತ್ತದೆ.

ತಂದೆಯನ್ನು ಬಿಡಿಸುವಾಗ ಲ್ಯಾಕರ್ ಸಾಮಾನ್ಯವಾಗಿ ಕೆಟ್ಟುಹೋಗುತ್ತದೆ. ಎರಡನೇ ಅವಕಾಶವಿಲ್ಲ. ಈ ಹಂತದಲ್ಲಿ ಒಂದು ಧೂಳಿನ ಕಣ ಕೂತರೆ ಅದು ತಂದೆಗೆ, ತಾಯಿಗೆ, ಸ್ಟ್ಯಾಂಪರಿಗೆ, ಕೊನೆಗೆ ಸಾವಿರಾರು ರೆಕಾರ್ಡುಗಳಿಗೆ ದಾಟುತ್ತದೆ. ಮುಂದಿನ ಯಾವ ಎಚ್ಚರಿಕೆಯೂ ಆ ‘ಟಕ್’ ಸದ್ದನ್ನು ತೆಗೆಯಲಾರದು.

ಮೂರನೇ ಹಂತ: ಒತ್ತುವುದು

ಸ್ಟ್ಯಾಂಪರಿನ ನಟ್ಟನಡುವೆ ರಂಧ್ರ ಕೊರೆಯಬೇಕು. ಅದು ಕೂದಲೆಳೆಯಷ್ಟು ಸರಿದರೂ ರೆಕಾರ್ಡ್ ಓರೆಯಾಗಿ ತಿರುಗಿ ಹಾಡಿನ ಶ್ರುತಿ ಓಲಾಡುತ್ತದೆ. ಆದ್ದರಿಂದ ಗೀರುಗಳನ್ನು ದೊಡ್ಡದಾಗಿಸಿ ನೋಡುತ್ತಾ ಕೇಂದ್ರ ಗುರುತಿಸುತ್ತಾರೆ. ಹಿಂಬದಿಯನ್ನು ಉಜ್ಜಿ ನುಣುಪು ಮಾಡಿ, ಎರಡು ಮಗ್ಗುಲಿನ ಎರಡು ಸ್ಟ್ಯಾಂಪರುಗಳನ್ನು ಪ್ರೆಸ್ಸಿನ ಮೇಲೆ ಮತ್ತು ಕೆಳಗೆ ಕೂರಿಸುತ್ತಾರೆ.

ಕಚ್ಚಾವಸ್ತು ಪಿವಿಸಿ ಜಾತಿಯ ಪ್ಲಾಸ್ಟಿಕ್ ಕಾಳುಗಳು. ರೆಕಾರ್ಡಿಗೆ ಬಳಸುವುದರಲ್ಲಿ ವಿನೈಲ್ ಕ್ಲೋರೈಡ್ ಜೊತೆ ವಿನೈಲ್ ಅಸಿಟೇಟ್ ಕೂಡ ಸೇರಿರುತ್ತದೆ. ಇದರಿಂದ ಕರಗಿದ ಪ್ಲಾಸ್ಟಿಕ್ ಚೆನ್ನಾಗಿ ಹರಿಯುತ್ತದೆ. ಕಪ್ಪು ಬಣ್ಣ ಬರುವುದು ಬೆರೆಸಿದ ಕಾಡಿಗೆಯಿಂದ. ಯಂತ್ರ ಕಾಳುಗಳನ್ನು ಕಾಯಿಸಿ ನಾದಿ ಹಿಟ್ಟಿನ ಉಂಡೆಯಂಥ ಬಿಲ್ಲೆ ಮಾಡುತ್ತದೆ. ಅದರ ಮೇಲೂ ಕೆಳಗೂ ಹೆಸರಿನ ಚೀಟಿ ಇಟ್ಟು ಪ್ರೆಸ್ ಮುಚ್ಚುತ್ತಾರೆ. ಚೀಟಿಗೆ ಗೋಂದು ಇಲ್ಲ, ಒತ್ತಡಕ್ಕೇ ಅದು ಪ್ಲಾಸ್ಟಿಕ್ಕಿಗೆ ಹಿಡಿದುಕೊಳ್ಳುತ್ತದೆ. ಆದರೆ ಚೀಟಿಗಳನ್ನು ಮೊದಲೇ ಒಲೆಯಲ್ಲಿ ಒಣಗಿಸಿರಬೇಕು. ಕಾಗದದಲ್ಲಿ ತೇವ ಉಳಿದರೆ ಅದು ಆವಿಯಾಗಿ ಗುಳ್ಳೆ ಏಳುತ್ತದೆ.

ಉಗಿ ಹರಿದು ಅಚ್ಚು ಕಾಯುತ್ತದೆ. ಸುಮಾರು 100 ಟನ್ ಭಾರದಷ್ಟು ಬಲ ಬೀಳುತ್ತದೆ. 12 ಇಂಚಿನ ತಟ್ಟೆಗೆ ಹಂಚಿದರೆ ಇದು ಪ್ರತಿ ಚದರ ಸೆಂ.ಮೀ.ಗೆ ಸುಮಾರು 140 ಕಿಲೋಗ್ರಾಂ ಭಾರದಷ್ಟು. ಪ್ಲಾಸ್ಟಿಕ್ ಹರಡಿ ಗೀರಿನ ಮೂಲೆಮೂಲೆಗೂ ತುಂಬುತ್ತದೆ. ಕೂಡಲೇ ಅದೇ ಕೊಳವೆಗಳಲ್ಲಿ ತಣ್ಣೀರು ಹರಿದು ತಟ್ಟೆ ಗಟ್ಟಿಯಾಗುತ್ತದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ಒಂದು ರೆಕಾರ್ಡ್ ಸಿದ್ಧ. ಅವಸರದಲ್ಲಿ ಬೇಗ ತೆಗೆದರೆ ತಟ್ಟೆ ಸೊಟ್ಟಗಾಗುತ್ತದೆ. ಪ್ಲಾಸ್ಟಿಕ್ ಪೂರ್ತಿ ತುಂಬದಿದ್ದರೆ ಹಾಡಿನ ನಡುವೆ ಬಟ್ಟೆ ಹರಿದಂಥ ಸದ್ದು ಬರುತ್ತದೆ. ಅಂಚಿನಲ್ಲಿ ಉಕ್ಕಿದ ಭಾಗವನ್ನು ಕತ್ತರಿಸಿ ಪುಡಿ ಮಾಡಿ ಮತ್ತೆ ಬಳಸಬಹುದು. ಪಿವಿಸಿ ಕಾಯಿಸಿದಾಗಲೆಲ್ಲ ಮೆತ್ತಗಾಗುವ ಪ್ಲಾಸ್ಟಿಕ್ ಆದ್ದರಿಂದ ಇದು ಸಾಧ್ಯ.

ವಾಣಿಜ್ಯ ವಿದ್ಯಾರ್ಥಿಗಳಿಗೊಂದು ಮಾತು

ಗೀರು ಕೊರೆಯುವ ಮತ್ತು ಅಚ್ಚು ಮಾಡುವ ಖರ್ಚು 100 ರೆಕಾರ್ಡಿಗೂ ಅಷ್ಟೇ, 1,000 ರೆಕಾರ್ಡಿಗೂ ಅಷ್ಟೇ. ಇದು ನೀವು ಓದುವ ಸ್ಥಿರ ವೆಚ್ಚ. ಪ್ಲಾಸ್ಟಿಕ್, ಚೀಟಿ, ರಕ್ಷಾಕವಚ ಬದಲಾಗುವ ವೆಚ್ಚ. ಒಂದು ಸ್ಟ್ಯಾಂಪರ್ ಸುಮಾರು ಸಾವಿರ ರೆಕಾರ್ಡುಗಳ ಬಳಿಕ ಸವೆಯುತ್ತದೆ. ಆಗ ತಾಯಿಯಿಂದ ಹೊಸದನ್ನು ಬೆಳೆಸಬೇಕು. ಸಣ್ಣ ಕಲಾವಿದನ 100 ರೆಕಾರ್ಡುಗಳು ದುಬಾರಿಯಾಗುವುದು ಯಾಕೆಂದು ಈಗ ತಿಳಿಯಿತಲ್ಲವೇ?

ಸಿ.ಡಿ. ಬಂದ ಮೇಲೆ ಈ ಉದ್ಯಮ ಮುಗಿಯಿತೆಂದು ಬಹಳ ಜನ ಭಾವಿಸಿ ಯಂತ್ರಗಳನ್ನು ಗುಜರಿಗೆ ಹಾಕಿದರು. ಜೆಕ್ ದೇಶದ ಲೊಡೆನಿಸೆಯಲ್ಲಿ 1951ರಲ್ಲಿ ಆರಂಭವಾದ, ಇಂದು ಜಿಜೆಡ್ ಮೀಡಿಯಾ ಎಂದು ಹೆಸರಾದ ಕಾರ್ಖಾನೆ ತನ್ನ ಪ್ರೆಸ್ಸುಗಳನ್ನು ಉಳಿಸಿಕೊಂಡಿತು. ಇಂದು ಜಗತ್ತಿನ ಅತಿ ದೊಡ್ಡ ರೆಕಾರ್ಡ್ ತಯಾರಕರಲ್ಲಿ ಅದೂ ಒಂದು. 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ವಿನೈಲ್ ರೆಕಾರ್ಡುಗಳು ಮಾರಾಟವಾದವು, ಸಿ.ಡಿ.ಗಳು 3.3 ಕೋಟಿ.

ಎರಡು ಎಚ್ಚರಿಕೆಗಳು

2020ರ ಫೆಬ್ರವರಿ 6ರಂದು ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಊರಿನ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಜಗತ್ತಿಗೆ ಲ್ಯಾಕರ್ ತಟ್ಟೆ ಒದಗಿಸುತ್ತಿದ್ದ ಕಾರ್ಖಾನೆಗಳು ಆಗ ಎರಡೇ. ಉಳಿದದ್ದು ಜಪಾನಿನ ಒಂದು. ನೂರಾರು ಕಾರ್ಖಾನೆಗಳೂ ಕಲಾವಿದರೂ ಒಂದು ಬೆಂಕಿಯಿಂದ ಚಿಂತೆಗೊಳಗಾದರು. ಕೆಲವರು ತಾಮ್ರದ ಮೇಲೆ ನೇರವಾಗಿ ಕೊರೆಯುವ, 1980ರ ದಶಕದಲ್ಲಿ ಬಳಕೆಗೆ ಬಂದಿದ್ದ ವಿಧಾನದತ್ತ ತಿರುಗಿದರು. ಒಂದು ವಿದ್ಯೆ ಒಂದೆರಡು ಕೈಗಳಲ್ಲಿ ಮಾತ್ರ ಉಳಿದರೆ ಎಷ್ಟು ಅಪಾಯ ಎಂಬುದಕ್ಕೆ ಇದು ನಿದರ್ಶನ.

ಇನ್ನೊಂದು ಎಚ್ಚರಿಕೆ ಮನುಷ್ಯರ ಜೀವಕ್ಕೆ ಸಂಬಂಧಿಸಿದ್ದು. ಸಿದ್ಧವಾದ ರೆಕಾರ್ಡನ್ನು ಮುಟ್ಟುವುದರಿಂದ ಭಯವಿಲ್ಲ. ಆದರೆ ಪಿವಿಸಿ ತಯಾರಿಸಲು ಬೇಕಾದ ವಿನೈಲ್ ಕ್ಲೋರೈಡ್ ಅನಿಲ ಕ್ಯಾನ್ಸರ್‌ಕಾರಕ. 1974ರಲ್ಲಿ ಅಮೆರಿಕದ ಲೂಯಿವಿಲ್‌ನ ಪಿವಿಸಿ ಕಾರ್ಖಾನೆಯೊಂದರ ಕಾರ್ಮಿಕರಲ್ಲಿ ಅಪರೂಪದ ಯಕೃತ್ ಕ್ಯಾನ್ಸರ್ ಕಂಡದ್ದು ಬೆಳಕಿಗೆ ಬಂದ ಮೇಲೆ ಆ ಅನಿಲದ ಮಿತಿಯನ್ನು ಕಟ್ಟುನಿಟ್ಟು ಮಾಡಲಾಯಿತು. ನಿಕಲ್ ಲವಣವಿರುವ ನೀರನ್ನೂ ಶುದ್ಧೀಕರಿಸದೆ ಚರಂಡಿಗೆ ಬಿಡುವಂತಿಲ್ಲ. ನಮ್ಮ ಕಿವಿಗೆ ಇಂಪಾದದ್ದು ಇನ್ನೊಬ್ಬರ ಉಸಿರಿಗೆ ವಿಷವಾಗಬಾರದು. ಮುಂದೆ ನಿಮ್ಮಲ್ಲಿ ಯಾರಾದರೂ ಎಂಜಿನಿಯರ್, ರಸಾಯನಶಾಸ್ತ್ರಜ್ಞ ಅಥವಾ ಉದ್ಯಮಿಯಾದಾಗ ಈ ಮಾತು ನೆನಪಿರಲಿ.

ಯೋಚಿಸಿ ಉತ್ತರಿಸಿ

1. ತಟ್ಟೆಯ ಸುತ್ತುವಿಕೆಯ ವೇಗ ಒಂದೇ ಇದ್ದರೂ ಮುಳ್ಳಿನ ಕೆಳಗೆ ಗೀರು ಸಾಗುವ ವೇಗ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂ.ಮೀ., ಒಳಭಾಗದಲ್ಲಿ ಸುಮಾರು 21 ಸೆಂ.ಮೀ. ಯಾಕೆ? ಮಗ್ಗುಲಿನ ಕೊನೆಯ ಹಾಡಿನ ಸ್ಪಷ್ಟತೆಯ ಮೇಲೆ ಇದರ ಪರಿಣಾಮವೇನು?

2. ತಂದೆಯನ್ನೇ ಸ್ಟ್ಯಾಂಪರ್ ಆಗಿ ಬಳಸಬಹುದೇ? ಬಳಸಿದರೆ ಲಾಭವೇನು, ನಷ್ಟವೇನು?

3. ಒಂದು ತಂದೆಯಿಂದ 5 ತಾಯಿ, ಪ್ರತಿ ತಾಯಿಯಿಂದ 5 ಸ್ಟ್ಯಾಂಪರ್, ಪ್ರತಿ ಸ್ಟ್ಯಾಂಪರಿನಿಂದ 1,000 ರೆಕಾರ್ಡ್ ಎಂದರೆ ಒಟ್ಟು ಎಷ್ಟು ರೆಕಾರ್ಡುಗಳು?

4. ಕಾಯಿಸಿದರೆ ಮತ್ತೆ ಮೆತ್ತಗಾಗದ ಬೇಕಲೈಟ್‌ನಂಥ ಪ್ಲಾಸ್ಟಿಕ್ಕಿನಿಂದ ರೆಕಾರ್ಡ್ ಒತ್ತಿದರೆ ಅಂಚಿನಲ್ಲಿ ಕತ್ತರಿಸಿದ ಚೂರುಗಳ ಗತಿಯೇನು?

ಉತ್ತರಗಳನ್ನು ಬರೆದು ನಿಮ್ಮ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಉಪನ್ಯಾಸಕರಿಗೆ ತೋರಿಸಿ. ಅಜ್ಜನ ಕಾಲದ ರೆಕಾರ್ಡ್ ಮನೆಯಲ್ಲಿದ್ದರೆ ಅದನ್ನು ಅಂಚಿನಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿ ನೋಡಿ. ದನಿ ಜೋರಾದಲ್ಲಿ ಗೀರುಗಳ ಹೊಳಪು ಬದಲಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ನೋಡಿಯಾದ ಮೇಲೆ ಬಿಸಿಲಿಗೆ ಇಡದೆ, ನೆಟ್ಟಗೆ ನಿಲ್ಲಿಸಿ ಜೋಪಾನ ಮಾಡಿ.