ಹಗ್ಗ ಹಿಡಿದವನ ಕಾಯಕ

ಪ್ರಾಣಿಯ ವೇಗವನ್ನು ಮನುಷ್ಯನು ತನ್ನ ಕೈಯ ಹಗ್ಗದಿಂದ ನಡೆಸುವ ಪಂದ್ಯಗಳು ಲೋಕದ ಅನೇಕ ಕಡೆಗಳಲ್ಲಿವೆ. ಅಮೆರಿಕ, ಫ್ರಾನ್ಸ್, ಸ್ವೀಡನ್ ಮೊದಲಾದ ದೇಶಗಳಲ್ಲಿ ಕುದುರೆಗೆ ಎರಡು ಗಾಲಿಯ ಹಗುರವಾದ ಗಾಡಿಯನ್ನು ಹೂಡಿ ಓಡಿಸುವರು. ಅಲ್ಲಿ ಕುದುರೆಯು ನಾಗಾಲೋಟಕ್ಕೆ ತೊಡಗಕೂಡದು. ಗೊತ್ತಾದ ಹೆಜ್ಜೆಯಲ್ಲಿಯೇ ಓಡಬೇಕು. ಹೆಜ್ಜೆ ತಪ್ಪಿದರೆ ಸಾರಥಿಯು ಲಗಾಮು ಬಿಗಿದು ಅದನ್ನು ಮೊದಲಿನ ಗತಿಗೆ ತರಬೇಕು. ಅನೇಕ ವೇಳೆ ಕುದುರೆಯನ್ನು ಪಳಗಿಸಿದವನೇ ಅದರ ಸಾರಥಿಯೂ ಆಗಿರುತ್ತಾನೆ. ಓಡಿಸುವ ವಿದ್ಯೆಯಷ್ಟೇ ತಡೆಯುವ ವಿದ್ಯೆಯೂ ಅವನಿಗೆ ಅವಶ್ಯಕ.

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪವಾದುವು ಬಯಲುಸೀಮೆಯ ಎತ್ತಿನ ಗಾಡಿಯ ಓಟ ಮತ್ತು ಕರಾವಳಿಯ ಕಂಬಳ. ಕಂಬಳದಲ್ಲಿ ಕೆಸರುನೀರು ತುಂಬಿದ ಕರೆಯಲ್ಲಿ ಜೋಡಿ ಕೋಣಗಳನ್ನು ಓಟಗಾರನು ಬರಿಗಾಲಿನಲ್ಲಿ ಹಿಂದಿನಿಂದ ಓಡಿಸುತ್ತಾನೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ಇದರಲ್ಲಿ ವಿಭಾಗಗಳುಂಟು. ಮೊದಲ ಮೂರರಲ್ಲಿ ವೇಗಕ್ಕೂ, ಕನೆಹಲಗೆಯಲ್ಲಿ ಚಿಮ್ಮಿದ ನೀರಿನ ಎತ್ತರಕ್ಕೂ ಮನ್ನಣೆ.

ಈ ಓಟಗಾರರಲ್ಲಿ ಮೂಡಬಿದಿರೆಯ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರ ಹೆಸರು ದೇಶವಿದೇಶಗಳಲ್ಲಿ ಪ್ರಸಿದ್ಧವಾಯಿತು. ಅವರು ಕಟ್ಟಡ ಕೆಲಸದ ಕೂಲಿಯಿಂದ ಜೀವನ ಸಾಗಿಸುತ್ತಿದ್ದವರು. 2011ರಲ್ಲಿ ಆರಂಭವಾದ ಕಂಬಳ ಅಕಾಡೆಮಿಯಲ್ಲಿ ತರಬೇತಿ ಹೊಂದಿದವರು. 2020ರ ಫೆಬ್ರವರಿ 1ರಂದು ದಕ್ಷಿಣ ಕನ್ನಡದ ಐಕಳದಲ್ಲಿ ಅವರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಲೆಕ್ಕ ಹಾಕಿದರೆ 100 ಮೀಟರಿಗೆ ಸುಮಾರು 9.56 ಸೆಕೆಂಡುಗಳಾದುವು. 2009ರಲ್ಲಿ ಬರ್ಲಿನ್ ನಗರದಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ ವಿಶ್ವದಾಖಲೆ 9.58. ಪತ್ರಿಕೆಗಳು ಇಬ್ಬರನ್ನೂ ಹೋಲಿಸಿ ಕೊಂಡಾಡಿದುವು. ಕೇಂದ್ರ ಕ್ರೀಡಾ ಸಚಿವರು ಬೆಂಗಳೂರಿನಲ್ಲಿ ಪರೀಕ್ಷಾ ಓಟಕ್ಕೆ ಆಹ್ವಾನಿಸಿದರು.

ಇಲ್ಲಿಯೇ ಗೌಡರ ವಿವೇಕ ವ್ಯಕ್ತವಾಯಿತು. ತಮ್ಮ ವೇಗದ ಕೀರ್ತಿ ಕೋಣಗಳಿಗೆ ಸಲ್ಲತಕ್ಕದ್ದೆಂದು ಅವರು ಹೇಳಿದರು. ಕಂಬಳದ ಓಟವೇ ಬೇರೆ, ಓಟದ ಪಥವೇ ಬೇರೆ ಎಂದು ಆ ಪರೀಕ್ಷೆಯಿಂದ ಹಿಂದೆ ಸರಿದರು. ಕೋಣಗಳ ಸೆಳೆತಕ್ಕೆ ಸಿಕ್ಕಿ ಓಡುವವನ ವೇಗವನ್ನು ಒಂಟಿಯಾಗಿ ಓಡುವವನ ವೇಗದೊಡನೆ ತೂಗುವುದು ನ್ಯಾಯವಲ್ಲವಷ್ಟೆ. ಅದೇ ತಿಂಗಳು ವೇಣೂರಿನ ಕಂಬಳದಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿ ಆ ದಾಖಲೆಯನ್ನು ಮೀರಿದರು. ದಾಖಲೆ ಕೆಲವು ದಿನಗಳದು. ವಿನಯ ಮಾತ್ರ ಉಳಿಯತಕ್ಕದ್ದು.

ಆದರೆ ಮಾತು ಬಾರದ ಪ್ರಾಣಿಯ ಪಾಡೇನು? ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೇರಿತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿಯ ಓಟಗಳನ್ನು ನಿಷೇಧಿಸಿತು, ಕಂಬಳಕ್ಕೂ ಅಡ್ಡಿಯೊದಗಿತು. ಕರ್ನಾಟಕವು 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಪ್ರಾಣಿಗೆ ಅನಾವಶ್ಯಕವಾದ ನೋವುಂಟುಮಾಡಬಾರದೆಂಬ ನಿಬಂಧನೆಯೊಡನೆ ಕಂಬಳಕ್ಕೂ ಎತ್ತಿನ ಓಟಕ್ಕೂ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಸಂವಿಧಾನಪೀಠವು ಇದನ್ನು ಎತ್ತಿಹಿಡಿಯಿತು. ಎಂದ ಮೇಲೆ ಈ ಪಂದ್ಯಗಳ ಉಳಿವು ಓಟಗಾರನ ಕೈಯಲ್ಲಿದೆ. ಅವನ ಬಾರುಕೋಲು ಎಲ್ಲೆ ಮೀರಿದ ದಿನ ಪಂದ್ಯವೂ ತನ್ನ ನ್ಯಾಯವನ್ನು ಕಳೆದುಕೊಳ್ಳುತ್ತದೆ.

ಆದಿವಾಲದ ವಿದ್ಯಾರ್ಥಿಗಳಿಗೆ ಈ ವಿಷಯ ದೂರದ್ದಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯು ಅಮೃತಮಹಲ್ ಗೋತಳಿಯ ಕಾವಲುಗಳ ನಾಡು. ಮೈಸೂರು ಅರಸರ ಬೆಣ್ಣೆಚಾವಡಿಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಈ ಹೆಸರು ಪಡೆದ ಆ ಎತ್ತುಗಳು ಸೈನ್ಯದ ಫಿರಂಗಿಗಳನ್ನೆಳೆದು ಹೆಸರಾದುವು. ಟ್ರ್ಯಾಕ್ಟರು ಬಂದ ಮೇಲೆ ಹೊಲದಲ್ಲಿ ಎತ್ತುಗಳು ವಿರಳವಾಗಿವೆ. ಎತ್ತನ್ನು ಸಾಕಬಲ್ಲವನ ಅರಿವೂ ಅವುಗಳೊಡನೆಯೇ ಕಣ್ಮರೆಯಾಗುವ ಭಯವಿದೆ. ಮೇವು ಹಾಕಿ, ಮೈ ತೊಳೆದು, ಕಾಲಿನ ನೋವನ್ನು ನಡಿಗೆಯಲ್ಲಿಯೇ ಗುರುತಿಸುವ ಆ ಅರಿವು ಪುಸ್ತಕದಿಂದ ಬಾರದು.

ಬಸವ ಎಂಬ ಶಬ್ದವು ವೃಷಭದಿಂದ ಬಂದುದು. ಆ ಹೆಸರನ್ನು ಹೊತ್ತ ಬಸವಣ್ಣನವರು ಧರ್ಮದ ಬೇರನ್ನು ದಯೆಯಲ್ಲಿ ಕಂಡರು. ಶರಣರು ದುಡಿಮೆಯನ್ನು ಕಾಯಕವೆಂದು ಗೌರವಿಸಿದರು. ಓಟಗಾರನದೂ ಕಾಯಕವೇ. ಪಂದ್ಯದ ಕ್ಷಣ ಹದಿಮೂರು ಸೆಕೆಂಡುಗಳಾದರೆ, ಅದರ ಹಿಂದಿನ ಆರೈಕೆ ವರ್ಷವಿಡೀ ನಡೆಯುತ್ತದೆ. ಆ ಆರೈಕೆಯಲ್ಲಿ ಲೋಪವಿಲ್ಲದವನು ಸೋತರೂ ಶ್ರೇಷ್ಠನೇ; ಅದನ್ನು ಮರೆತು ಗೆದ್ದವನ ಪದಕಕ್ಕೆ ಬೆಲೆಯಿಲ್ಲ. ಹಗ್ಗವನ್ನು ಹಿಡಿಯುವ ಕೈಗೆ ಬಲದೊಡನೆ ಕರುಣೆಯೂ ಇರಬೇಕೆಂಬುದನ್ನು ವಿದ್ಯಾರ್ಥಿಗಳು ಮನಗಾಣಲಿ.