ಜೇಬಿನ ಕ್ಯಾಮೆರಾ: ಮದುವೆ ಫೋಟೊಗ್ರಾಫರನ ಪಾಠಗಳು

ಮದುವೆ ಸೀಸನ್ ಮುಗಿದು ಆಷಾಢ ಹಿಡಿದರೆ ನಮ್ಮ ಸ್ಟುಡಿಯೊಗಳಲ್ಲಿ ಕೆಲಸ ಕಡಿಮೆ, ಮಾತು ಜಾಸ್ತಿ. ಹೊಸ ಹುಡುಗರು ಬಂದು ಕೂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಅಣ್ಣ, ದೊಡ್ಡ ಕ್ಯಾಮೆರಾ ಇದೆ. ದಿನಾ ಜೊತೇಲಿ ಇಟ್ಕೊಳ್ಳೋಕೆ ಚಿಕ್ಕದು ಯಾವುದು ತಗೊಳ್ಲಿ?" ಒಂದು ಮಾಡೆಲ್ ಹೆಸರು ಹೇಳಿದರೆ ಅವರಿಗೆ ಸಮಾಧಾನ. ನಾನು ತಿರುಗಿ ಕೇಳುವುದು, ನಿನ್ನ ದೊಡ್ಡ ಕ್ಯಾಮೆರಾ ಯಾವ ಹೊತ್ತಿನಲ್ಲಿ ಮನೆಯ ಬೀರುವಿನಲ್ಲೇ ಉಳಿಯುತ್ತದೆ ಅಂತ. ಮಾರ್ಕೆಟ್ಟಿಗೆ ಹೋದಾಗಲೇ, ಮಗುವನ್ನು ಸ್ಕೂಲಿಗೆ ಬಿಡುವಾಗಲೇ, ಮಳೆ ಹೊಡೆಯುವಾಗಲೇ, ರಾತ್ರಿ ಯಕ್ಷಗಾನಕ್ಕೆ ಕೂತಾಗಲೇ? ಆ ಹೊತ್ತಿಗೆ ಒದಗುವ ಕ್ಯಾಮೆರಾ ಬೇಕು. ದೊಡ್ಡದರ ಮರಿ ಬೇಕಾಗಿಲ್ಲ. ಮುಂದೆ ಬರೆದಿರುವುದೆಲ್ಲ ಈ ಒಂದು ಲೆಕ್ಕದ ಮೇಲೇ ನಿಂತಿದೆ.

1. ಕೆಲಸದ ಬ್ಯಾಕಪ್ಪನ್ನು ಇದರ ಜೊತೆ ಬೆರೆಸಬೇಡಿ

ಧಾರೆ ಎರೆಯುವ ಹೊತ್ತಿಗೆ ಕೈಯಲ್ಲಿರುವ ಬಾಡಿ ಕೈಕೊಟ್ಟರೆ ತಕ್ಷಣ ಎತ್ತಿಕೊಳ್ಳುವುದಕ್ಕೆ ಬೇಕಾದ್ದು ಅದೇ ಲೆನ್ಸ್, ಅದೇ ಬ್ಯಾಟರಿ, ಅದೇ ಫ್ಲ್ಯಾಶ್ ಹಿಡಿಸುವ ಇನ್ನೊಂದು ಬಾಡಿ. ಅದು ಹಳೆಯ ಮಾಡೆಲ್ ಆದರೂ ನಡೆಯುತ್ತದೆ. ಜೇಬಿನ ಕ್ಯಾಮೆರಾ ಆ ಕೆಲಸಕ್ಕೆ ಆಗುವುದಿಲ್ಲ. ಎರಡೂ ಒಂದರಲ್ಲೇ ಆಗಲಿ ಎಂದು ಹೊರಟವರು ಕೊನೆಗೆ ಕೊಳ್ಳುವುದು ಜೇಬಿಗೂ ಹಿಡಿಸದ, ಮದುವೆಗೂ ಸಾಲದ ಒಂದು ಮಧ್ಯಮ ಗಾತ್ರದ ಕ್ಯಾಮೆರಾ. ಅದು ಬ್ಯಾಗಿನಲ್ಲೇ ಇರುತ್ತದೆ, ಬ್ಯಾಗು ಮನೆಯಲ್ಲೇ ಇರುತ್ತದೆ.

2. ಮೊದಲು ನಿಮ್ಮ ಫೋನಿನ ಜೊತೆ ಜಗಳ ಆಡಿ

ಹಗಲು ಬೆಳಕಿನಲ್ಲಿ, ವಾಟ್ಸಾಪಿಗೆ ಕಳಿಸುವ ಫೋಟೊ ಆದರೆ, ಈಗಿನ ಒಳ್ಳೆಯ ಫೋನು ಸಾಕು. ಇದನ್ನು ಒಪ್ಪಿಕೊಳ್ಳದೆ ಕ್ಯಾಮೆರಾ ಕೊಂಡರೆ ತಿಂಗಳೊಳಗೆ ಅದು ಮೂಲೆ ಸೇರುತ್ತದೆ. ಫೋನಿಗೆ ಆಗದ್ದು ಯಾವುದು ಅನ್ನುವುದನ್ನು ಪಟ್ಟಿ ಮಾಡಿ. ನನ್ನ ಪಟ್ಟಿಯಲ್ಲಿ ಇದ್ದದ್ದು ಇಷ್ಟು: ಮಂದ ಬೆಳಕಿನಲ್ಲಿ ಓಡಾಡುವ ಮಕ್ಕಳು, ಸಾಫ್ಟ್‌ವೇರ್ ಮೈ ನುಣುಪು ಮಾಡಿ ಬಿಸಾಕದ ಅಜ್ಜ ಅಜ್ಜಿಯರ ಮುಖ, ಹನ್ನೆರಡು ಇಂಚಿನ ಪ್ರಿಂಟು, ನಡುವೆ ಕರೆ ಬಂದು ಕೆಡದ ಫೋಟೊ. ನಿಮ್ಮ ಪಟ್ಟಿ ಖಾಲಿ ಇದ್ದರೆ ದುಡ್ಡು ಉಳಿಯಿತು ಅಂದುಕೊಳ್ಳಿ.

3. ಜೇಬಿಗೆ ಹಿಡಿಸುತ್ತದೆ ಅಂದರೆ ಯಾವ ಜೇಬಿಗೆ?

ಜಾಹೀರಾತಿನಲ್ಲಿ ಎಲ್ಲವೂ ಪಾಕೆಟ್ ಕ್ಯಾಮೆರಾ. ರಿಕೋ ಜಿಆರ್ 3 ಬ್ಯಾಟರಿ, ಕಾರ್ಡು ಸೇರಿ 257 ಗ್ರಾಂ, ದಪ್ಪ ಸುಮಾರು 33 ಮಿ.ಮೀ.; ಪ್ಯಾಂಟಿನ ಜೇಬಿಗೆ ಹೋಗುತ್ತದೆ. ಸೋನಿ ಆರ್‌ಎಕ್ಸ್100ರ ಮೊದಲ ಮಾಡೆಲ್ಲು 240 ಗ್ರಾಂ; ಅದೂ ಹೋಗುತ್ತದೆ. ಫ್ಯೂಜಿಫಿಲ್ಮ್ ಎಕ್ಸ್100 6 ಅನ್ನುವುದು 521 ಗ್ರಾಂ, 55 ಮಿ.ಮೀ. ದಪ್ಪ. ನೋಡಲು ಚೆಂದ, ಕೈಯಲ್ಲಿ ಹಿಡಿಯಲು ಇನ್ನೂ ಚೆಂದ, ಆದರೆ ಅದು ಹೆಗಲಿಗೆ ತೂಗುಹಾಕುವ ಕ್ಯಾಮೆರಾ. ಅಂಗಿಯ ಮೇಲಿನ ಜೇಬಿಗೆ ಇವುಗಳಲ್ಲಿ ಯಾವುದನ್ನೂ ಹಾಕಬೇಡಿ. ಚಪ್ಪಲಿ ಕಳಚಲು ಬಗ್ಗಿದ ಕೂಡಲೇ ನೆಲಕ್ಕೆ ಬೀಳುತ್ತದೆ. ಯಾವುದೇ ಕೊಂಡರೂ ಮಣಿಕಟ್ಟಿನ ಪಟ್ಟಿ ಮೊದಲ ದಿನವೇ ಕಟ್ಟಿ.

ಗಾತ್ರದಷ್ಟೇ ಮುಖ್ಯವಾದದ್ದು ಅದು ಎಚ್ಚರಗೊಳ್ಳುವ ವೇಗ. ಬಟನ್ ಒತ್ತಿ, ಲೆನ್ಸ್ ಹೊರಬಂದು, ಫೋಕಸ್ ಹಿಡಿಯುವುದರೊಳಗೆ ನಗು ಮುಗಿದಿದ್ದರೆ ಏನು ಪ್ರಯೋಜನ? ಅಂಗಡಿಯಲ್ಲಿ ಕ್ಯಾಮೆರಾವನ್ನು ಆಫ್ ಮಾಡಿಸಿ, ಜೇಬಿಗೆ ಹಾಕಿ, ಹೊರತೆಗೆದು, ಒಂದೇ ಕೈಯಲ್ಲಿ ಒಂದು ಫೋಟೊ ಹೊಡೆದು ನೋಡಿ. ಅಂಗಡಿಯವರು ನಕ್ಕರೆ ನಗಲಿ.

4. ಲೆನ್ಸಿನ ಎಫ್ ಸಂಖ್ಯೆಯನ್ನು ಸೆನ್ಸರ್ ಬಿಟ್ಟು ಓದಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. "ಇದು ಎಫ್ 1.8, ಅದು ಬರೀ 2.8, ಹಾಗಾಗಿ ಕತ್ತಲಲ್ಲಿ ಇದೇ ಮೇಲು" ಅನ್ನುವ ವಾದ ಸೆನ್ಸರ್ ಒಂದೇ ಗಾತ್ರದ್ದಾಗಿದ್ದರೆ ಮಾತ್ರ ಸರಿ. ಒಂದು ಇಂಚಿನದು ಅನ್ನುವ ಸೆನ್ಸರಿನ ನಿಜವಾದ ಅಳತೆ 13.2 × 8.8 ಮಿ.ಮೀ. ಎಪಿಎಸ್-ಸಿ ಸುಮಾರು 23.5 × 15.6. ವಿಸ್ತೀರ್ಣದಲ್ಲಿ ಎರಡನೆಯದು ಮೊದಲನೆಯದರ ಮೂರು ಪಟ್ಟಿಗೂ ಹೆಚ್ಚು. ನೀರಿಗೆ ಬಿದ್ದರೂ ನಡೆಯುವ ಕ್ಯಾಮೆರಾಗಳಲ್ಲಿರುವ 1/2.3 ಇಂಚಿನ ಸೆನ್ಸರು ಇನ್ನೂ ಚಿಕ್ಕದು, ಸುಮಾರು 6.2 × 4.6.

ಎಲ್ಲವನ್ನೂ ಫುಲ್ ಫ್ರೇಮ್ ಲೆಕ್ಕಕ್ಕೆ ತಂದು ಹೋಲಿಸುವುದು ಸುಲಭ. ಒಂದು ಇಂಚಿನ ಸೆನ್ಸರಿಗೆ 2.7ರಿಂದ, ಎಪಿಎಸ್-ಸಿಗೆ 1.5ರಿಂದ ಗುಣಿಸಿ. ಆರ್‌ಎಕ್ಸ್100ರ 1.8 ಆಗ 4.9 ಆಗುತ್ತದೆ. ಜಿಆರ್ 3ರ 2.8 ಆಗುವುದು 4.2. ಅಂದರೆ "ಬರೀ 2.8" ಅಂದ ಕ್ಯಾಮೆರಾಕ್ಕೇ ಒಟ್ಟು ಬೆಳಕು ಸ್ವಲ್ಪ ಹೆಚ್ಚು ಸಿಕ್ಕಿತು. ಎಕ್ಸ್100 ಸರಣಿಯ ಎಫ್ 2 ಲೆನ್ಸಿನದು 3ಕ್ಕೆ ಬರುತ್ತದೆ. ಅದಕ್ಕೆ ಜಿಆರ್‌ನ ಎರಡು ಪಟ್ಟು ಬೆಳಕು. ಇನ್ನು ಆ ಮೊದಲ ಆರ್‌ಎಕ್ಸ್100ರಲ್ಲಿ ಝೂಮ್ ಪೂರ್ತಿ ಎಳೆದರೆ ಲೆನ್ಸು ಎಫ್ 4.9ಕ್ಕೆ ಇಳಿಯುತ್ತದೆ, ಲೆಕ್ಕದಲ್ಲಿ 13 ದಾಟುತ್ತದೆ. ರಾತ್ರಿ ಯಕ್ಷಗಾನದ ರಂಗಸ್ಥಳವನ್ನು ಹಿಂದಿನ ಸಾಲಿನಲ್ಲಿ ಕೂತು ಝೂಮ್ ಎಳೆದು ಹಿಡಿಯುತ್ತೇನೆ ಅನ್ನುವವರು ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ಆಟಕ್ಕೆ ಹೋದರೆ ಮುಂದೆ ಹೋಗಿ ಕೂರಿ.

ಕ್ಯಾಮೆರಾದೊಳಗೆ ಸ್ಟೆಬಿಲೈಸೇಶನ್ ಇದೆಯಲ್ಲ ಅನ್ನಬಹುದು. ಅದು ನಿಮ್ಮ ಕೈ ನಡುಕ ತಡೆಯುತ್ತದೆ, ವೇಷಧಾರಿಯ ಕುಣಿತ ತಡೆಯುವುದಿಲ್ಲ.

5. ಝೂಮ್ ಬೇಕೇ, ಒಂದೇ ಲೆನ್ಸ್ ಸಾಕೇ

ಇದು ರುಚಿಯ ಪ್ರಶ್ನೆ, ಆದರೂ ನನ್ನ ಪಕ್ಷ ಹೇಳಿಬಿಡುತ್ತೇನೆ: ದಿನನಿತ್ಯಕ್ಕೆ ಒಂದೇ ಲೆನ್ಸ್. ಯಾವುದು ಅನ್ನುವುದನ್ನು ಮನೆಯ ಅಳತೆಯಿಂದ ನಿರ್ಧರಿಸಿ. ಎರಡು ಮೀಟರ್ ದೂರ ನಿಂತರೆ 28 ಎಂ.ಎಂ. ನೋಟಕ್ಕೆ ಸುಮಾರು ಎರಡೂವರೆ ಮೀಟರ್ ಅಗಲ ಸಿಗುತ್ತದೆ, 35ಕ್ಕೆ ಎರಡು ಮೀಟರ್‌ಗೆ ಸ್ವಲ್ಪ ಹೆಚ್ಚು, 40ಕ್ಕೆ 1.8. ನಮ್ಮ ಊರಿನ ಸಣ್ಣ ಹಾಲುಗಳಲ್ಲಿ ಸೋಫಾ, ಟೀಪಾಯಿ ಬಿಟ್ಟು ಹಿಂದೆ ಸರಿಯಲು ಜಾಗ ಎಲ್ಲಿದೆ? ಅಲ್ಲಿ 28 ಬೇಕಾಗುತ್ತದೆ. ಆದರೆ ಸಾಲಾಗಿ ಕೂತವರಲ್ಲಿ ಅಂಚಿನವರ ಮುಖ ಅಗಲವಾಗಿ ಎಳೆದುಕೊಳ್ಳುವುದೂ ಅದೇ 28ರಲ್ಲಿ. ದಪ್ಪಗಿರುವ ದೊಡ್ಡಮ್ಮನನ್ನು ತುದಿಯಲ್ಲಿ ಕೂರಿಸಬೇಡಿ. ಫೋಟೊ ನೋಡಿದ ಮೇಲೆ ಬೈಸಿಕೊಳ್ಳುವವರು ನೀವು.

ಮುಖಗಳೇ ಮುಖ್ಯ ಅನ್ನುವವರಿಗೆ 2021ರಲ್ಲಿ ಬಂದ ಜಿಆರ್ 3ಎಕ್ಸ್ ಇದೆ; ಅದರದು 40ರ ನೋಟ. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ: ದೊಡ್ಡ ಕ್ಯಾಮೆರಾದ ಝೂಮನ್ನು 28ರ ನೋಟಕ್ಕೆ ಟೇಪು ಅಂಟಿಸಿ ಒಂದು ವಾರ ಬಳಸಿ, ಮುಂದಿನ ವಾರ 40ಕ್ಕೆ. ಯಾವ ವಾರ ಕೈ ಹೆಚ್ಚು ಚಡಪಡಿಸಿತು ಅನ್ನುವುದೇ ಉತ್ತರ.

ಝೂಮಿಲ್ಲದ ಕ್ಯಾಮೆರಾದ ಇನ್ನೊಂದು ಅನುಕೂಲ ಬೀದಿಯಲ್ಲಿ ತಿಳಿಯುತ್ತದೆ. ರಿಕೋದಲ್ಲಿ ಸ್ನ್ಯಾಪ್ ಫೋಕಸ್ ಅಂತ ಇದೆ. ದೂರವನ್ನು ಮೊದಲೇ ನಿಗದಿ ಮಾಡಿಡುವುದು. 28ರ ನೋಟದಲ್ಲಿ, ಎಫ್ 8ರಲ್ಲಿ, ಎರಡು ಮೀಟರ್‌ಗೆ ಇಟ್ಟರೆ ಸುಮಾರು ಒಂದು ಮೀಟರಿನಿಂದ ಆಚೆಗೆ ಬಹುತೇಕ ಎಲ್ಲವೂ ಫೋಕಸಿನಲ್ಲಿ ಇರುತ್ತದೆ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವರ ಕೈ ಓಡುವ ವೇಗಕ್ಕೆ ಯಾವ ಆಟೊಫೋಕಸ್ಸೂ ಬೇಡ. ಜಪಾನಿನ ಡೈಡೊ ಮೊರಿಯಾಮ ಟೋಕಿಯೋದ ಬೀದಿಗಳನ್ನು ಜಿಆರ್ ಸರಣಿಯ ಕ್ಯಾಮೆರಾಗಳಲ್ಲೇ ಓಡಾಡುತ್ತಾ ಹಿಡಿದವರು. ಅವರ ಫೋಟೊಗಳಲ್ಲಿ ಕಾಳು ಕಾಳು ಎದ್ದಿದ್ದರೂ ಯಾರೂ ದೂರಿಲ್ಲ.

6. ನಡುಹಗಲ ಬಿಸಿಲು, ಬಣ್ಣದ ಶಾಮಿಯಾನ

ಕ್ಯಾಮೆರಾ ವಿಮರ್ಶೆಗಳೆಲ್ಲ ಕತ್ತಲಿನ ಬಗ್ಗೆ ಬರೆಯುತ್ತವೆ. ನಮ್ಮ ಕಡೆ ಕಷ್ಟ ಕೊಡುವುದು ಬಿಸಿಲು. ಏಪ್ರಿಲ್ ತಿಂಗಳ ಹನ್ನೆರಡು ಗಂಟೆಗೆ ಜಾತ್ರೆಯ ತೇರಿನ ಮುಂದೆ ನಿಂತರೆ ಹಿಂಬದಿ ಸ್ಕ್ರೀನಿನಲ್ಲಿ ನಿಮ್ಮದೇ ಮುಖ ಕಾಣುತ್ತದೆ, ತೇರು ಕಾಣುವುದಿಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಎಕ್ಸ್100ರಲ್ಲಿದೆ. ಆರ್‌ಎಕ್ಸ್100ರಲ್ಲಿ ಮೂರನೆಯ ಮಾಡೆಲ್ಲಿನಿಂದ ಮೇಲೆ ಪುಟಿದು ಬರುವಂಥದ್ದಿದೆ. ಜಿಆರ್ 3ರಲ್ಲಿ ಇಲ್ಲ, ಕ್ಯಾನನ್ ಜಿ7ಎಕ್ಸ್‌ನಲ್ಲೂ ಇಲ್ಲ. ಹೊರಗಡೆಯೇ ಹೆಚ್ಚು ತಿರುಗುವವರಿಗೆ ಇದೊಂದೇ ಕಾರಣಕ್ಕೆ ಪಟ್ಟಿ ಅರ್ಧವಾಗುತ್ತದೆ.

ಇನ್ನೊಂದು ಕಡೆ ಚಿಕ್ಕ ಕ್ಯಾಮೆರಾ ದೊಡ್ಡದನ್ನು ಸೋಲಿಸುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಇಂಥ ಕಾಂಪ್ಯಾಕ್ಟುಗಳಲ್ಲಿ ಶಟರು ಲೆನ್ಸಿನೊಳಗೇ ಇರುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಫ್ಲ್ಯಾಶ್ ಮಾಮೂಲಾಗಿ ಹೊಂದುವುದು 1/200 ಅಥವಾ 1/250 ಸೆಕೆಂಡಿನವರೆಗೆ ಮಾತ್ರ. ಲೆನ್ಸಿನೊಳಗಿನ ಈ ಲೀಫ್ ಶಟರ್ ಇದ್ದರೆ 1/1000ವನ್ನೂ ದಾಟಿ ಹೊಂದುತ್ತದೆ. ಸುಡುಬಿಸಿಲಿನಲ್ಲಿ ಐಎಸ್‌ಒ 100, ಎಫ್ 4ಕ್ಕೆ ಸುಮಾರು 1/1600 ಬೇಕು. ಆ ವೇಗದಲ್ಲೂ ಪುಟ್ಟ ಫ್ಲ್ಯಾಶ್ ಹಾರಿಸಿ ಪೇಟದ ನೆರಳು ಬಿದ್ದ ಕಣ್ಣುಗಳಿಗೆ ಬೆಳಕು ಕೊಡಬಹುದು. ಜಿಆರ್ 3ರಲ್ಲಿ ಒಳಗೆ ಫ್ಲ್ಯಾಶ್ ಇಲ್ಲ, ಮೇಲೆ ಸಿಕ್ಕಿಸಬೇಕು. ಎಕ್ಸ್100ರಲ್ಲಿ ಒಳಗೇ ಇದೆ.

ಶಾಮಿಯಾನದ ಕೆಳಗೆ ಮಾತ್ರ ಯಾವ ಫ್ಲ್ಯಾಶೂ ಪೂರ್ತಿ ಉಳಿಸುವುದಿಲ್ಲ. ಕೆಂಪು, ಹಳದಿ ಬಟ್ಟೆ ಮೂಲಕ ಇಳಿದ ಬೆಳಕು ಊಟಕ್ಕೆ ಕೂತವರ ಮುಖಕ್ಕೆಲ್ಲ ಬಣ್ಣ ಹೊಡೆಯುತ್ತದೆ. ಜೆಪೆಗ್ ಫೈಲಿನಲ್ಲಿ ಅದನ್ನು ತಿದ್ದಲು ಹೋದರೆ ಬಾಳೆಎಲೆಯ ಹಸಿರು ಹೋಗುತ್ತದೆ. ರಾ ಫೈಲ್ ಕೊಡದ ಕ್ಯಾಮೆರಾವನ್ನು, ಎಷ್ಟೇ ಅಗ್ಗವಿರಲಿ, ನಾನು ಮುಟ್ಟುವುದಿಲ್ಲ.

7. ಎಲ್‌ಇಡಿ ಪಟ್ಟೆಗಳು

ಮೌನವಾಗಿ ಹೊಡೆಯುವ ಎಲೆಕ್ಟ್ರಾನಿಕ್ ಶಟರ್ ದೇವಸ್ಥಾನದಲ್ಲಿ ಒಳ್ಳೆಯದು ಅನ್ನಿಸುತ್ತದೆ. ಆದರೆ ಅದು ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಎರಡೂ ಸೇರಿದರೆ ಫೋಟೊದ ಮೇಲೆ ಅಡ್ಡ ಪಟ್ಟೆ ಬೀಳುತ್ತವೆ. ಛತ್ರದ ಒಳಗೆ ಮೆಕ್ಯಾನಿಕಲ್ ಶಟರಿನಲ್ಲಿ 1/100ಕ್ಕೋ 1/50ಕ್ಕೋ ಇಡಿ. ಲೀಫ್ ಶಟರಿನ ಸದ್ದು ಹೇಗೂ ಪುರೋಹಿತರಿಗೂ ಕೇಳಿಸದಷ್ಟು ಸಣ್ಣದು.

8. ಬ್ಯಾಟರಿ, ವೈರು

ಚಿಕ್ಕ ಕ್ಯಾಮೆರಾಗೆ ಚಿಕ್ಕ ಬ್ಯಾಟರಿ. ಜಿಆರ್ 3ಕ್ಕೆ ಕಂಪನಿಯೇ ಹೇಳುವುದು ಸುಮಾರು 200 ಫೋಟೊ. ಎರಡು ಬ್ಯಾಟರಿ ಕೊಳ್ಳುವ ದುಡ್ಡನ್ನು ಕ್ಯಾಮೆರಾ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಫೋನಿನ ಟೈಪ್-ಸಿ ವೈರಿನಲ್ಲೇ ಚಾರ್ಜ್ ಆಗುವಂಥದ್ದಾದರೆ ಕಾರಿನಲ್ಲಿ, ಬಸ್ಸಿನಲ್ಲಿ ಎಲ್ಲಾದರೂ ತುಂಬಿಸಿಕೊಳ್ಳಬಹುದು.

9. ಮಳೆಗಾಲ ಲೆನ್ಸಿಗೆ ಒಳ್ಳೆಯದಲ್ಲ

ಮಲೆನಾಡು, ಕರಾವಳಿಯವರು ಇದನ್ನು ಮೊದಲ ಪಾಠವಾಗಿ ಓದಬೇಕು. ಜಿಆರ್ 3ಕ್ಕೆ ನೀರು, ಧೂಳು ತಡೆಯುವ ಸೀಲ್ ಇಲ್ಲ. ಎಕ್ಸ್100ರ ಐದನೆಯ, ಆರನೆಯ ಮಾಡೆಲ್ಲುಗಳು ತುಂತುರು ತಡೆಯುವುದು ಮುಂದೆ ಅಡಾಪ್ಟರ್ ರಿಂಗು, ಫಿಲ್ಟರು ಹಾಕಿದರೆ ಮಾತ್ರ. ಆಗುಂಬೆಯ ಮಳೆಯಲ್ಲಿ ನಿಂತೇ ಹೊಡೆಯುತ್ತೇನೆ ಅಂದರೆ 2023ರ ಓಎಂ ಸಿಸ್ಟಂ ಟಿಜಿ-7 ತರಹದ್ದು ಬೇಕು. 15 ಮೀಟರ್ ಆಳದ ನೀರಿಗೂ ಇಳಿಯುತ್ತದೆ, ಒಂದು ಸೆಂಟಿಮೀಟರ್ ಹತ್ತಿರದಿಂದ ಇಂಬಳವನ್ನೂ ತೆಗೆಯುತ್ತದೆ. ಸೆನ್ಸರ್ ಚಿಕ್ಕದು, ಸಂಜೆಯಾದರೆ ಚಿತ್ರ ಕಲಸಿಹೋಗುತ್ತದೆ. ಹಗಲ ಮಳೆಗೆ ಅಷ್ಟು ಸಾಕು.

ಮಳೆಗಿಂತ ದೊಡ್ಡ ಶತ್ರು ಫಂಗಸ್. ದೊಡ್ಡ ಕ್ಯಾಮೆರಾದಲ್ಲಿ ಫಂಗಸ್ ಹಿಡಿದರೆ ಒಂದು ಲೆನ್ಸು ಹೋಗುತ್ತದೆ. ಕಾಂಪ್ಯಾಕ್ಟಿನಲ್ಲಿ ಲೆನ್ಸು ಬಿಚ್ಚಲು ಬರುವುದಿಲ್ಲ, ಕ್ಯಾಮೆರಾವೇ ಹೋಗುತ್ತದೆ. ಚರ್ಮದ ಚೀಲದಲ್ಲಿ ಬೀರುವಿನೊಳಗೆ ಇಡುವುದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ತೇವಾಂಶ ಶೇ 40ರಿಂದ 50ರ ನಡುವೆ ಇರಲಿ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಡಬ್ಬಿಯಲ್ಲಿ ಹುದುಗಿಸುವ ಪದ್ಧತಿ ಬೇಡ, ತೌಡಿನ ಧೂಳು ಲೆನ್ಸಿನ ಸಂದಿಗೆ ಇಳಿಯುತ್ತದೆ.

10. ಚಿಕ್ಕದು ಅಂತ ಕದ್ದು ಹೊಡೆಯಬೇಡಿ

ಗರ್ಭಗುಡಿಯ ಮುಂದೆ ಫೋಟೊ ನಿಷೇಧ ಅಂದರೆ ಜೇಬಿನ ಕ್ಯಾಮೆರಾಕ್ಕೂ ನಿಷೇಧವೇ. ಸಂತೆಯಲ್ಲಿ ತರಕಾರಿ ಮಾರುವ ಅಮ್ಮನನ್ನು "ಒಂದು ತೆಗೀಲಾ ಅಮ್ಮಾ?" ಅಂತ ಕೇಳಿ. ದೊಡ್ಡ ಲೆನ್ಸು ಕಂಡರೆ ಸೆರಗು ಸರಿಮಾಡಿಕೊಂಡು ಸೆಟೆದು ಕೂರುವವರು ಈ ಚಿಕ್ಕದಕ್ಕೆ ಮಾತಾಡುತ್ತಲೇ ಒಪ್ಪುತ್ತಾರೆ.

11. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

2010ರಲ್ಲಿ ಜಪಾನಿನ ಕಂಪನಿಗಳು ಹತ್ತು ಕೋಟಿಗೂ ಹೆಚ್ಚು ಕಾಂಪ್ಯಾಕ್ಟ್ ಕ್ಯಾಮೆರಾಗಳನ್ನು ರವಾನಿಸಿದ್ದವು. 2023ರಲ್ಲಿ ಅದು 20 ಲಕ್ಷವನ್ನೂ ಮುಟ್ಟಲಿಲ್ಲ. ಅಗ್ಗದವೆಲ್ಲ ಫೋನಿನ ಬಾಯಿಗೆ ಹೋದವು, ಉಳಿದವು ದುಬಾರಿಯವು. ಹಾಗಾಗಿ ಹಳೆಯದನ್ನು ಹುಡುಕುವುದು ಸಹಜ. ಜೇಬಿನಲ್ಲಿ ಒಂದು ಕಾರ್ಡು, ಒಂದು ಟಾರ್ಚು ಇಟ್ಟುಕೊಂಡು ಹೋಗಿ.

ಬಿಳಿ ಗೋಡೆಯನ್ನು ಫ್ರೇಮ್ ಪೂರ್ತಿ ತುಂಬುವಂತೆ ಎಫ್ 11 ಅಥವಾ 16ರಲ್ಲಿ ತೆಗೆಯಿರಿ. ಕಪ್ಪು ಮಚ್ಚೆ ಕಂಡರೆ ಸೆನ್ಸರಿನ ಮೇಲೆ ಧೂಳು ಕೂತಿದೆ. ಝೂಮು ಒಳಗೆ ಹೊರಗೆ ಆಡುವಾಗ ಎಳೆದುಕೊಂಡದ್ದು. ಒರೆಸಿ ತೆಗೆಯಲಾಗದು, ಬಾಡಿ ಬಿಚ್ಚಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಟಾರ್ಚನ್ನು ಓರೆಯಾಗಿ ಹಿಡಿದು ಲೆನ್ಸಿನೊಳಗೆ ನೋಡಿ; ಜೇಡರ ಬಲೆಯ ಎಳೆಯಂಥದ್ದು ಕಂಡರೆ ಚೌಕಾಶಿಯೇ ಬೇಡ, ಎದ್ದು ಬನ್ನಿ. ಝೂಮನ್ನು ಹತ್ತು ಸಲ ಒಳಗೆ ಹೊರಗೆ ಆಡಿಸಿ, ಕರಕರ ಅಂದರೆ ಬಿಡಿ. ಬ್ಯಾಟರಿಯನ್ನು ಹೊರತೆಗೆದು ಮೇಜಿನ ಮೇಲೆ ಇಡಿ, ಊದಿಕೊಂಡದ್ದು ಅಲ್ಲಾಡುತ್ತದೆ.

ಈಗ ಕಾಲೇಜು ಮಕ್ಕಳಿಗೆ ಹದಿನೈದು ಇಪ್ಪತ್ತು ವರ್ಷ ಹಳೆಯ ಸಿಸಿಡಿ ಕ್ಯಾಮೆರಾಗಳ ಹುಚ್ಚು. ತಪ್ಪೇನಿಲ್ಲ, ಆ ಫ್ಲ್ಯಾಶಿನ ಬಣ್ಣಕ್ಕೆ ಅದರದೇ ಸೊಗಸಿದೆ. ಆದರೆ ಬಹಳ ಹಳೆಯವು 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡನ್ನು ಓದುವುದಿಲ್ಲ, ಕೆಲವಕ್ಕೆ ಈಗ ತಯಾರಾಗದ ಎಕ್ಸ್‌ಡಿ ಕಾರ್ಡೇ ಬೇಕು. ಕ್ಯಾಮೆರಾ ಸಾವಿರಕ್ಕೆ ಸಿಕ್ಕಿತು ಅಂತ ಹಿಗ್ಗುವ ಮೊದಲು ಕಾರ್ಡು, ಚಾರ್ಜರು ಎರಡೂ ಜೊತೆಗೆ ಕೊಡುತ್ತಾರಾ ಅಂತ ಮಾರುವವನನ್ನು ಕೇಳಿ, ಅವನ ಎದುರೇ ಒಂದು ಫೋಟೊ ತೆಗೆದು, ಅದನ್ನು ಫೋನಿಗೋ ಕಂಪ್ಯೂಟರಿಗೋ ಇಳಿಸಿ ನೋಡಿದ ಮೇಲೆ ದುಡ್ಡು ಎಣಿಸಿ.